ಅಪ್‌ಡೇಟ್: ಬಿಎಂಡಬ್ಲ್ಯು ಇ46 325ಐ, ಪಿ0171/ಪಿ0174 ದೋಷ ಕೋಡ್ ಬಗೆಹರಿಯಿತು

ನಾನು ಹಿಂದೆ ಕೇಳಿದ್ದು ಇಷ್ಟು: 2003ರ ಕಾರು, ಎಂ54 ಎಂಜಿನ್, ಐಡಲ್‌ನಲ್ಲಿ ನಡುಕ, ಎರಡೂ ಬ್ಯಾಂಕ್‌ನಲ್ಲಿ (ಸಿಲಿಂಡರ್ ಗುಂಪು) ಲೀನ್ ಕೋಡ್, ಅಂದರೆ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ. ಒಳಬರುವ ಗಾಳಿ ಅಳೆಯುವ ಏರ್‌ಫ್ಲೋ ಸೆನ್ಸರ್ ಬದಲಿಸಿ ಅಂದವರೇ ಹೆಚ್ಚು. ಪುಣ್ಯಕ್ಕೆ ಬದಲಿಸಲಿಲ್ಲ.

ಲಾಂಗ್ ಟರ್ಮ್ ಫ್ಯೂಯಲ್ ಟ್ರಿಮ್ (ಕಂಪ್ಯೂಟರ್ ತಾನೇ ಮಾಡಿಕೊಳ್ಳುವ ಪೆಟ್ರೋಲ್ ಹೊಂದಾಣಿಕೆ) ಐಡಲ್‌ನಲ್ಲಿ +19%, 2500 ಆರ್‌ಪಿಎಂನಲ್ಲಿ +4%. ಸೆನ್ಸರ್ ಸೋತಿದ್ದರೆ ಆರ್‌ಪಿಎಂ ಏರಿದಾಗ ಟ್ರಿಮ್ ಹೀಗೆ ಇಳಿಯುವುದಿಲ್ಲ. ಇಳಿದರೆ ಸೆನ್ಸರ್ ದಾಟಿದ ಮೇಲೆ ಎಲ್ಲೋ ಕಳ್ಳಗಾಳಿ ನುಗ್ಗುತ್ತಿದೆ ಅಂತಲೇ.

ಥ್ರಾಟಲ್‌ಗೆ ಸೇರುವ ಕೆಳಗಿನ ಇನ್‌ಟೇಕ್ ಬೂಟ್ (ಗಾಳಿ ಹೋಗುವ ರಬ್ಬರ್ ಕೊಳವೆ) ಕಳಚಿ ಬಗ್ಗಿಸಿದರೆ, ಮಡಿಕೆಯೊಳಗೆ ಬೆರಳುದ್ದ ಸೀಳು! ಇಪ್ಪತ್ತು ವರ್ಷದ ಬಿಸಿಗೆ ರಬ್ಬರ್ ಒಣಗಿತ್ತು. ಜಾಗದಲ್ಲೇ ಇದ್ದಾಗ ಟಾರ್ಚ್ ಬಿಟ್ಟರೂ ಕಾಣದು. ಮೇಲಿನ, ಕೆಳಗಿನ ಎರಡೂ ಬೂಟ್, ಹೊಸ ಕ್ಲ್ಯಾಂಪ್ ಹಾಕಿ, ಕೋಡ್ ಜೊತೆ ಅಡಾಪ್ಟೇಷನ್ (ಕಂಪ್ಯೂಟರ್ ಕಲಿತಿಟ್ಟ ಹಳೆಯ ಹೊಂದಾಣಿಕೆ) ಕೂಡ ಅಳಿಸಿದ ಮೇಲೆ ಟ್ರಿಮ್ ±3% ಒಳಗಿದೆ. ಟೇಪ್ ಸುತ್ತಬೇಡಿ, ಆಯಿಲ್ ಪಸೆಗೆ ನಿಲ್ಲುವುದಿಲ್ಲ.