ಹದಿನೇಳನೇ ಸಾಲು

ನಮ್ಮ ಮನೆತನದ ವಾಟ್ಸಾಪ್ ಗುಂಪಿನಲ್ಲಿ 34 ಜನ ಇದ್ದೇವೆ. ದಿನಾ ಬರುವುದು ದೇವರ ಫೋಟೋ, ಶುಭೋದಯದ ಹೂವು, ಯಾರದೋ ಹುಟ್ಟುಹಬ್ಬ. ಸರಿಯಾದ ಜಗಳ ಆಗುವುದು ವರ್ಷಕ್ಕೆ ಒಂದೋ ಎರಡೋ ಸಲ. ಇದು ಅಂಥದ್ದೊಂದು, ಲಾರಿ ಕಲಿಸುವ ಡ್ರೈವಿಂಗ್ ಸ್ಕೂಲಿನ ವಿಷಯಕ್ಕೆ. ಮನೆಯವರನ್ನು ಕೇಳಿಯೇ ಇಲ್ಲಿ ಹಾಕುತ್ತಿದ್ದೇನೆ. ಹೆಸರು ಬೇಡ ಅಂದರು. ಅದಕ್ಕೆ ನನ್ನ ಫೋನಿನಲ್ಲಿ ಯಾರ ನಂಬರ್ ಹೇಗೆ ಸೇವ್ ಇದೆಯೋ ಹಾಗೇ ಬಿಟ್ಟಿದ್ದೇನೆ. ಡ್ರೈವಿಂಗ್ ಸ್ಕೂಲಿನ ಹೆಸರೂ ತೆಗೆದಿದ್ದೇನೆ. ಹುಬ್ಬಳ್ಳಿಯದು, ಅಷ್ಟು ಸಾಕು.

ಶುರುವಾಗಿದ್ದು ಖುಷಿಯಿಂದಲೇ. ಶನಿವಾರ ರಾತ್ರಿ ಸಣ್ಣ ಕಾಕಾನ ಮಗ ಒಂದು ಫೋಟೋ ಹಾಕಿದ.

ತಮ್ಮ: ಲಾರಿ ಟ್ರೇನಿಂಗ್ ಮುಗಿಯಿತು. ಮಂಗಳವಾರ ಆರ್‌ಟಿಒ ಟೆಸ್ಟ್. ಎಲ್ಲರ ಆಶೀರ್ವಾದ ಇರಲಿ.

ಫೋಟೋದಲ್ಲಿ ಇದ್ದದ್ದು ಫಾರ್ಮ್ 15. ಯಾವ ದಿನ, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ ಗಾಡಿ ಓಡಿಸಿದ ಅಂತ ಬರೆದು, ಕಲಿತವನೂ ಕಲಿಸಿದವನೂ ಸಹಿ ಹಾಕುವ ಹಾಳೆ. 30 ಸಾಲು. ಪ್ರತಿ ಸಾಲಿಗೂ ಬರೋಬ್ಬರಿ ಅರ್ಧ ಗಂಟೆ. ಎಲ್ಲ ಒಂದೇ ನೀಲಿ ಪೆನ್ನು.

ಹಾವೇರಿ ಮಾವ: ಭೇಷ್ ಅಳಿಯಾ! ಮೊದಲ ಟ್ರಿಪ್ ಬ್ಯಾಡಗಿ ಮಾರ್ಕೆಟ್‌ಗೇ ಬರಬೇಕು. ಮೆಣಸಿನಕಾಯಿ ಲೋಡು ನಾನು ಕೊಡಿಸುತ್ತೇನೆ.

ಗದಗ ಅತ್ತಿ: ಒಳ್ಳೆಯದಾಗಲಿ ಕಂದಾ. ಒಂದು ಕೇಳಲೇನು? 17ನೇ ಸಾಲು ನೋಡು. ಏಪ್ರಿಲ್ 27, ಬೆಳಿಗ್ಗೆ 7ರಿಂದ 7:30. ಅವತ್ತು ನೀನು ಅಣ್ಣಿಗೇರಿಯಲ್ಲಿ ನನ್ನ ಮಗಳ ಮದುವೆಯಲ್ಲಿ ಇದ್ದೆಯಲ್ಲ?

ಅತ್ತಿ ಗಣಿತದ ಟೀಚರ್ ಆಗಿ ರಿಟೈರ್ ಆದವರು. ಫೋಟೋ ಬಂದರೆ ಹಿಗ್ಗಿಸಿ ನೋಡದೆ ಬಿಡುವವರಲ್ಲ. ಕೇಳಿ ಸುಮ್ಮನಾಗಲೂ ಇಲ್ಲ. ಇದೇ ಗುಂಪಿನಲ್ಲಿ ಅವತ್ತು ಬಂದಿದ್ದ ಫೋಟೋ ಹುಡುಕಿ ಹಾಕಿದರು. ಸುರಗಿ ಸುತ್ತುತ್ತಿದ್ದಾರೆ, ಹಿಂದೆ ತಂಬಿಗೆ ಹಿಡಿದು ನಿಂತವನು ನಮ್ಮ ತಮ್ಮ. ಫೋಟೋದ ಕೆಳಗೆ ಸಮಯ ಬೆಳಿಗ್ಗೆ 7:14.

ಹತ್ತು ನಿಮಿಷ ಯಾರೂ ಮಾತಾಡಲಿಲ್ಲ. ಇಪ್ಪತ್ತೊಂದು ಜನ ನೋಡಿದ್ದರು.

ತಮ್ಮ: ಅತ್ತಿ, ಅದು ಫಾರ್ಮಾಲಿಟಿ. ಎಲ್ಲ ಹುಡುಗರ ಹತ್ತಿರವೂ ಕೊನೆಯ ದಿನ ಒಂದೇ ಸಲ ಸಹಿ ಹಾಕಿಸಿದರು.

ಗದಗ ಅತ್ತಿ: ನಿಜವಾಗಿ ಎಷ್ಟು ದಿನ ಹೋಗಿದ್ದೆ?

ತಮ್ಮ: 11.

ಗದಗ ಅತ್ತಿ: ದಿನಕ್ಕೆ ಎಷ್ಟು ಹೊತ್ತು ಸ್ಟಿಯರಿಂಗ್ ನಿನ್ನ ಕೈಯಲ್ಲಿತ್ತು?

ತಮ್ಮ: ಒಂದು ಗಂಟೆಗೆ ನಾಲ್ಕು ಜನ ಇರುತ್ತಿದ್ದೆವು. ಹದಿನೈದು ನಿಮಿಷ ಅಂದುಕೊಳ್ಳಿ.

ಗದಗ ಅತ್ತಿ: 165 ನಿಮಿಷ. ಎರಡು ಗಂಟೆ ನಲವತ್ತೈದು. ಹಾಳೆಯಲ್ಲಿ 15 ಗಂಟೆ ಇದೆ. ಫೀಸು?

ತಮ್ಮ: 18 ಸಾವಿರ.

ಲಾರಿ ಕಾಕಾ: ಅಕ್ಕಾ, ಹುಡುಗನನ್ನು ಯಾಕೆ ಕೋರ್ಟಿನಲ್ಲಿ ನಿಲ್ಲಿಸಿದ ಹಾಗೆ ನಿಲ್ಲಿಸುತ್ತೀ? ಸ್ಕೂಲುಗಳು ಇರುವುದೇ ಹಾಗೆ. ಲೈಸೆನ್ಸ್ ಬರಲಿ. ಆಮೇಲೆ ನನ್ನ ಗಾಡಿಯಲ್ಲಿ ಎರಡು ಟ್ರಿಪ್ ಕೂರಲಿ, ತಾನೇ ಕಲಿಯುತ್ತಾನೆ. ವಿಆರ್‌ಎಲ್ ಸಂಕೇಶ್ವರ ಅವರು 1976ರಲ್ಲಿ ಇದೇ ಗದಗದಲ್ಲಿ ಒಂದು ಲಾರಿ ಇಟ್ಟುಕೊಂಡು ಶುರು ಮಾಡಿದರು. ಆಗ ಯಾವ ಡ್ರೈವರ್ ಸ್ಕೂಲಿಗೆ ಹೋಗಿದ್ದ?

ಲಾರಿ ಕಾಕಾ ಮೂವತ್ತು ವರ್ಷದ ಮೇಲೆ ಸ್ಟಿಯರಿಂಗ್ ಹಿಡಿದವರು. ಅವರು ಹೇಳಿದ ಮೇಲೆ ಮುಗಿಯಿತು ಅಂದುಕೊಂಡೆ. ಸಣ್ಣ ಕಾಕಾ ಹೆಬ್ಬೆರಳು ಒತ್ತಿದರು. ಹಾವೇರಿ ಮಾವ ಕೈ ಮುಗಿದರು. ಅಷ್ಟರಲ್ಲಿ ವಕೀಲ ಅಣ್ಣ ಬಂದ.

ವಕೀಲ ಅಣ್ಣ: ಕಲಿಸಿದ್ದು ಯಾವ ಗಾಡಿಯಲ್ಲಿ?

ತಮ್ಮ: ಟಾಟಾ 407. ಎರಡು ದಿನ ದೊಡ್ಡ ಲಾರಿ ಕೊಟ್ಟರು, ಮೈದಾನದಲ್ಲಿ ಮುಂದಕ್ಕೆ ಮಾತ್ರ. ರಿವರ್ಸ್ ಹಾಕಲು ಬಿಡಲಿಲ್ಲ.

ವಕೀಲ ಅಣ್ಣ: 407 ಲೈಟ್ ಗಾಡಿ. 7,500 ಕಿಲೋ ಒಳಗಿನ ಟ್ರಾನ್ಸ್‌ಪೋರ್ಟ್ ಗಾಡಿಗೆ ಎಲ್‌ಎಂವಿ, ಅಂದರೆ ಲೈಟ್ ಗಾಡಿಯ, ಲೈಸೆನ್ಸ್ ಸಾಕು ಅಂತ 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿ ಆಗಿದೆ. ಅಂದರೆ ನಿನ್ನ ಹತ್ತಿರ ಆಗಲೇ ಇದ್ದ ಕಾರಿನ ಲೈಸೆನ್ಸಿನಲ್ಲಿ ಓಡಿಸಬಹುದಾದ ಗಾಡಿಯನ್ನೇ 18 ಸಾವಿರ ತೆಗೆದುಕೊಂಡು ಕಲಿಸಿದ್ದಾರೆ. ಹೆವಿ ಅಂದರೆ 12,000 ಕಿಲೋಗಿಂತ ಮೇಲೆ. ಕೇಂದ್ರ ಮೋಟಾರು ವಾಹನ ನಿಯಮ 31ರ ಪ್ರಕಾರ ಅದಕ್ಕೆ ಕಡಿಮೆ ಅಂದರೂ 30 ದಿನ, 15 ಗಂಟೆ. ಆ 15 ಗಂಟೆ ಸ್ಟಿಯರಿಂಗ್ ಹಿಡಿದ ಲೆಕ್ಕ. ಹಿಂದಿನ ಸೀಟಿನಲ್ಲಿ ಕೂತು ನೋಡಿದ್ದು ಸೇರುವುದಿಲ್ಲ.

ಲಾರಿ ಕಾಕಾ: ನಿಯಮದ ನಂಬರ್ ಓದಿದರೆ ಗೇರ್ ಬೀಳುತ್ತದೇನಪಾ? ಬೇಕಾದರೆ ನಾನೇ ಪರೀಕ್ಷೆ ಮಾಡುತ್ತೇನೆ. ತಮ್ಮಾ, ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡಿದೆ. ಏರ್ ಎಷ್ಟು ಬಂದಿದೆ ಅಂತ ಎಲ್ಲಿ ನೋಡುತ್ತೀ? ಡ್ರೇನ್ ಯಾವಾಗ ಬಿಡುತ್ತೀ?

ತಮ್ಮ: ಏರ್ ಅಂದರೆ ಟೈರಿನ ಏರಾ ಕಾಕಾ?

ಕಾಕಾ ಏನೋ ಟೈಪ್ ಮಾಡುತ್ತಿದ್ದಾರೆ ಅಂತ ಬಂತು. ಹೋಯಿತು. ಮತ್ತೆ ಬಂತು. ಒಂದು ಮೆಸೇಜ್ ಹಾಕಿ ಅಳಿಸಿದರು. ಇದರ ನಡುವೆಯೇ ಹಾವೇರಿ ಮಾವ ನಾಳಿನ ಪಂಚಾಂಗ ಫಾರ್ವರ್ಡ್ ಮಾಡಿದರು. ಅವರನ್ನು ಏನೂ ಅನ್ನುವ ಹಾಗಿಲ್ಲ. ಕಾಲು ಗಂಟೆ ಆದ ಮೇಲೆ ಕಾಕಾನ ವಾಯ್ಸ್ ಮೆಸೇಜ್ ಬಂತು, ನಾಲ್ಕು ನಿಮಿಷದ್ದು. ಮುಖ್ಯವಾದಷ್ಟನ್ನು ಬರೆದುಕೊಂಡಿದ್ದೇನೆ.

"ತಮ್ಮಾ, ನಿಮ್ಮ 407ಕ್ಕೆ ಇರುವುದು ಆಯಿಲ್ ಬ್ರೇಕ್. ದೊಡ್ಡ ಲಾರಿಗೆ ಗಾಳಿಯ ಬ್ರೇಕ್. ಗಾಳಿ ತುಂಬುವ ತನಕ ಗಾಡಿ ಎತ್ತಬಾರದು, ಡ್ಯಾಶ್‌ಬೋರ್ಡಿನಲ್ಲಿ ಮುಳ್ಳು ತೋರಿಸುತ್ತದೆ. ಟ್ಯಾಂಕಿನಲ್ಲಿ ನೀರು ನಿಲ್ಲುತ್ತದೆ, ಅದನ್ನು ಬಿಡಬೇಕು. ಅರಬೈಲ್ ಘಾಟು ಇಳಿಯುವಾಗ ಹೆದರಿ ಬ್ರೇಕನ್ನು ಮತ್ತೆ ಮತ್ತೆ ಒತ್ತಿದೆ ಅಂತ ಇಟ್ಟುಕೋ. ಗಾಳಿ ಖರ್ಚಾಗುತ್ತದೆ. ಡ್ರಮ್ ಕಾಯುತ್ತದೆ. ಕಾದ ಮೇಲೆ ಎಷ್ಟು ಒತ್ತಿದರೂ ಹಿಡಿಯುವುದಿಲ್ಲ. ನ್ಯೂಟ್ರಲ್ ಮಾಡಿ ಡೀಸೆಲ್ ಉಳಿಸುತ್ತೇನೆ ಅಂದವರ ಗಾಡಿಯನ್ನು ಕಣಿವೆಯಿಂದ ಎತ್ತುವಾಗ ನಾನು ಹಗ್ಗ ಹಿಡಿದಿದ್ದೇನೆ. ಘಾಟು ಹತ್ತಲು ಯಾವ ಗೇರ್ ಬೇಕೋ ಅದೇ ಗೇರಿನಲ್ಲಿ ಇಳಿಯಬೇಕು. ನನಗೆ ಇದನ್ನು ಹೇಳಿಕೊಟ್ಟವನು ನನ್ನ ಉಸ್ತಾದ. 1989ರಲ್ಲಿ ಕ್ಲೀನರ್ ಆಗಿ ಸೇರಿದೆ. ರಾಡಿನಲ್ಲಿ ಟೈರ್ ಬಡಿದು ಸದ್ದು ಕೇಳುವುದರಲ್ಲೇ ಒಂದು ವರ್ಷ ಹೋಯಿತು. ಹಿಂದೆ ಇಳಿದು 'ಬರ್ಲಿ, ಬರ್ಲಿ' ಅಂತ ಕೂಗಿ ಕೂಗಿ, ತಿರುವಿನಲ್ಲಿ ಹಿಂದಿನ ಗಾಲಿ ಎಷ್ಟು ಒಳಗೆ ಕಡಿಯುತ್ತದೆ ಅನ್ನುವುದು ಕಣ್ಣಿಗೆ ಕೂತಿತು. ಸ್ಟಿಯರಿಂಗ್ ಕೊಟ್ಟದ್ದು 1993ರಲ್ಲಿ."

ಇದನ್ನು ಕೇಳಿ ಅತ್ತಿ ಒಂದೇ ಸಾಲು ಬರೆದರು.

ಗದಗ ಅತ್ತಿ: ಅಂದರೆ ನೀನು ನಾಲ್ಕು ವರ್ಷ ಸ್ಕೂಲಿಗೆ ಹೋಗಿದ್ದೀ.

ಕಾಕಾ ಉತ್ತರ ಕೊಡಲಿಲ್ಲ. ನನಗೆ ಅನ್ನಿಸಿದ್ದೂ ಅದೇ. ಆಗ ಕ್ಲೀನರ್ ಕೆಲಸವೇ ಶಾಲೆ ಆಗಿತ್ತು. ಈಗ ಎಷ್ಟೋ ಲಾರಿಗಳಲ್ಲಿ ಡ್ರೈವರ್ ಒಬ್ಬನೇ. ಕಾಕಾನ ಗಾಡಿಯಲ್ಲೂ ಐದು ವರ್ಷದಿಂದ ಕ್ಲೀನರ್ ಇಲ್ಲ, ಸಂಬಳ ಹೊಂದುವುದಿಲ್ಲ ಅಂತ. ಆ ನಾಲ್ಕು ವರ್ಷದ ಬದಲಿಗೆ ನಮ್ಮ ಹುಡುಗನಿಗೆ ಉಳಿದದ್ದು ಹದಿನೈದು ಗಂಟೆ. ಅದರಲ್ಲೂ ಹನ್ನೆರಡು ಕಾಲು ಗಂಟೆ ಹೊಡೆದುಕೊಂಡಿದ್ದಾರೆ. ಇದನ್ನು ಗುಂಪಿನಲ್ಲಿ ಬರೆದೆ. ಸಣ್ಣ ಕಾಕಾಗೆ ಸಿಟ್ಟು ಬಂತು.

ಸಣ್ಣ ಕಾಕಾ: ಬರೆಯುವುದು ಸುಲಭ ಅದ. ಆ ಸ್ಕೂಲು ತೋರಿಸಿದವನು ಅಮರಗೋಳ ಎಪಿಎಂಸಿಯಲ್ಲಿ ನನ್ನ ಪಕ್ಕದ ಅಂಗಡಿಯವನು. ದಿನಾ ಅವನ ಮುಖ ನೋಡಬೇಕು. ಕಂಪ್ಲೇಂಟ್ ಅಂತ ಹೋದರೆ ಟೆಸ್ಟ್‌ನಲ್ಲಿ ಫೇಲ್ ಮಾಡಿಸುತ್ತಾರೆ. ಮಂಗಳವಾರ ಮುಗಿಯಲಿ.

ವಕೀಲ ಅಣ್ಣ: ಕಾಕಾ, ಮಂಗಳವಾರವೇ ಹೋಗಬೇಕು ಅಂತ ಎಲ್ಲಿದೆ? ಎಲ್‌ಎಲ್, ಅಂದರೆ ಕಲಿಯುವವರ ಲೈಸೆನ್ಸ್, ಆರು ತಿಂಗಳು ನಡೆಯುತ್ತದೆ. ಫೇಲ್ ಆದರೂ ಏಳು ದಿನ ಬಿಟ್ಟು ಮತ್ತೆ ಕೊಡಬಹುದು. ಮೂರು ಸಲ ಫೇಲ್ ಆದರೆ ಮಾತ್ರ 60 ದಿನ ಕಾಯಬೇಕು. ನನಗೆ ಭಯ ಇರುವುದು ಅವನು ಪಾಸ್ ಆಗುವುದರ ಬಗ್ಗೆ.

ಗದಗ ಅತ್ತಿ: ಇಟಿಗಟ್ಟಿ ಅಪಘಾತ ಮರೆತಿರಾ? 2021ರ ಜನವರಿ.

ಲಾರಿ ಕಾಕಾ: ಅಕ್ಕಾ, ಅದನ್ನು ಇಲ್ಲಿ ತರಬೇಡ. ಎರಡೇ ಲೇನಿನ ಬೈಪಾಸು ಅದು, ನಡುವೆ ಡಿವೈಡರ್ ಇರಲಿಲ್ಲ. ಎಲ್ಲದಕ್ಕೂ ಲಾರಿಯವನೇ ಸಿಗುತ್ತಾನೆ ನಿಮಗೆ.

ಈ ಮಾತು ಕಾಕಾ ಹೇಳಿದ್ದು ಸರಿ. ಗಬ್ಬೂರಿನಿಂದ ನರೇಂದ್ರದವರೆಗಿನ ಆ ಹುಬ್ಬಳ್ಳಿ-ಧಾರವಾಡ ಬೈಪಾಸು ಗೊತ್ತಿದ್ದವರಿಗೆ ಬೇರೆ ಹೇಳಬೇಕಾಗಿಲ್ಲ. ಅತ್ತಿ ಆ ಮೆಸೇಜ್ ಅಳಿಸಿದರು. ಅವರು ಸೋತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಮುಂದಿನ ತಕರಾರು ಸಹಿಯದು. ಫಾರ್ಮ್ 15ರಲ್ಲಿ ತಮ್ಮನ ಸಹಿಯೂ ಇದೆಯಲ್ಲ! ಅದನ್ನು ನೋಡಿಯೇ ಸ್ಕೂಲಿನವರು ಫಾರ್ಮ್ 5, ಅಂದರೆ ತರಬೇತಿ ಮುಗಿದ ಸರ್ಟಿಫಿಕೇಟ್, ಕೊಟ್ಟದ್ದು. ಹೆವಿ ಲೈಸೆನ್ಸಿಗೆ ಅದು ಇಲ್ಲದೆ ನಡೆಯುವುದಿಲ್ಲ. ಹಾವೇರಿ ಮಾವ "ಇವನೂ ಸುಳ್ಳು ಬರೆದ ಹಾಗಾಯಿತಲ್ಲ, ಬಾಯಿ ಮುಚ್ಚಿಕೊಂಡಿರುವುದೇ ವಾಸಿ" ಅಂದರು. ಒಂದು ಗಂಟೆ ಇದರಲ್ಲೇ ಹೋಯಿತು. ಕೊನೆಗೆ ವಕೀಲ ಅಣ್ಣ ಹೇಳಿದ್ದು: ಸಹಿ ಹಾಕಿದ್ದನ್ನು ಮುಚ್ಚಿಡಬೇಡ, ಪತ್ರದಲ್ಲಿ ನೀನೇ ಮೊದಲು ಬರೆ. ಕೊನೆಯ ದಿನ ಒಟ್ಟಿಗೆ ಹಾಕಿಸಿದರು ಅಂತ ಬರೆ. 17ನೇ ಸಾಲಿಗೆ ಮದುವೆಯ ಫೋಟೋ ಲಗತ್ತಿಸು. ಹೋಗದ 19 ದಿನಗಳಲ್ಲಿ ಒಂದು ಸುಳ್ಳು ಅಂತ ತೋರಿಸಿಕೊಟ್ಟರೂ ಸಾಕು, ಹಾಳೆಯ ಉಳಿದ ಸಾಲುಗಳನ್ನು ಯಾರೂ ನಂಬುವುದಿಲ್ಲ.

ಫೀಸಿಗೆ ರಸೀದಿ ಕೊಟ್ಟದ್ದು 8 ಸಾವಿರಕ್ಕೆ ಮಾತ್ರ. ಉಳಿದ 10 ಸಾವಿರ ಫೋನ್‌ಪೇಯಲ್ಲಿ, ಅದೂ ಯಾರದೋ ಸ್ವಂತ ನಂಬರಿಗೆ. ಅದರ ಸ್ಕ್ರೀನ್‌ಶಾಟೂ ಇಟ್ಟುಕೊಂಡೆವು. ಪತ್ರ ನಾನು ಬರೆದೆ. ಒಂದೇ ಪುಟ. ಬಾಕಿ 12 ಗಂಟೆ 15 ನಿಮಿಷ ಗಾಳಿ ಬ್ರೇಕಿನ ದೊಡ್ಡ ಲಾರಿಯಲ್ಲಿ ಕಲಿಸಿ, ಇಲ್ಲದಿದ್ದರೆ ಹಣ ಹಿಂದಿರುಗಿಸಿ. ಏಳು ದಿನದಲ್ಲಿ ಉತ್ತರ ಬರದಿದ್ದರೆ ಇದರ ನಕಲು ಆರ್‌ಟಿಒಗೆ, ಆಮೇಲೆ ಜಿಲ್ಲಾ ಗ್ರಾಹಕ ಆಯೋಗಕ್ಕೆ. ಐದು ಲಕ್ಷದ ಒಳಗಿನ ವ್ಯವಹಾರಕ್ಕೆ ಅಲ್ಲಿ ಫೀಸು ಇಲ್ಲ, ದೂರು ಕೊಡಲು ಎರಡು ವರ್ಷದ ಅವಕಾಶ ಇದೆ. ಲಾರಿ ಕಾಕಾ ಒಂದೇ ತಿದ್ದುಪಡಿ ಹೇಳಿದರು: "ರಿವರ್ಸ್ ಅಂತ ಬೇರೆಯಾಗಿ ಬರೆ. ಬರೆಯದಿದ್ದರೆ ಈ ಸಲವೂ ಮುಂದಕ್ಕೇ ಓಡಿಸಿ ಕಳಿಸುತ್ತಾರೆ."

ಸೋಮವಾರ ತಮ್ಮ ಪತ್ರ ಕೊಟ್ಟು ಬಂದ. ಸಂಜೆ ಸ್ಕೂಲಿನ ಮಾಲೀಕರು ಫೋನ್ ಮಾಡಿದ್ದು ತಮ್ಮನಿಗಲ್ಲ, ಅವನ ಅಪ್ಪನಿಗೆ.

ಸಣ್ಣ ಕಾಕಾ: 5 ಸಾವಿರ ವಾಪಸ್ ಕೊಡುತ್ತಾರಂತೆ. ಟೆಸ್ಟ್ ಅವರೇ ನೋಡಿಕೊಳ್ಳುತ್ತಾರಂತೆ. ಇನ್ನು ಮುಗಿಸೋಣ, ಸಾಕು.

ಹಾವೇರಿ ಮಾವ: 5 ಸಾವಿರ ಅಂದರೆ ಕಡಿಮೆಯೇನಲ್ಲ. ತೆಗೆದುಕೊಳ್ಳಿ.

ವಕೀಲ ಅಣ್ಣ: "ನೋಡಿಕೊಳ್ಳುತ್ತೇವೆ" ಅಂದರೆ ಏನರ್ಥ ಅಂತ ಕೇಳಿದಿರಾ ಕಾಕಾ?

ಮತ್ತೆ ಶುರು. ನಲವತ್ತು ಮೆಸೇಜ್ ದಾಟಿತು. ಆಗ, ಈ ಗುಂಪಿನಲ್ಲಿ ಹಬ್ಬದ ಶುಭಾಶಯ ಬಿಟ್ಟರೆ ಬೇರೆ ಏನೂ ಬರೆಯದ ನಮ್ಮ ಚಿಗವ್ವ, ತಮ್ಮನ ತಾಯಿ, ಬರೆದರು.

ಚಿಗವ್ವ: ಆ 18 ಸಾವಿರ ಸಂಘದ ಸಾಲ. ನನ್ನ ಹೆಸರಿನಲ್ಲಿದೆ. ವಾರ ವಾರ ನಾನು ಕಟ್ಟುತ್ತೇನೆ. ಗಾಡಿ ಕಲಿಸಲು ಕೊಟ್ಟದ್ದು. ಕಲಿಸಲಿ.

ಅದಾದ ಮೇಲೆ ಗಂಡಸರು ಯಾರೂ ಏನೂ ಬರೆಯಲಿಲ್ಲ.

ಮಂಗಳವಾರದ ಟೆಸ್ಟ್‌ಗೆ ಹೋಗಲಿಲ್ಲ. ಗುರುವಾರ ಸ್ಕೂಲಿನವರು ಒಪ್ಪಿದರು. ಬಾಕಿ ಗಂಟೆ ದೊಡ್ಡ ಲಾರಿಯಲ್ಲಿ, ಹೊಸ ಹಾಳೆಯಲ್ಲಿ, ದಿನದ ಸಹಿ ದಿನವೇ. ಬರೆದು ಕೊಡಿಸಿಕೊಂಡೆವು. ವಕೀಲ ಅಣ್ಣನಿಗೆ ಇದು ಹಿಡಿಸಲಿಲ್ಲ. ತಮ್ಮನ ಜೊತೆ ಕಲಿತ ಇನ್ನೂ ಮೂರು ಹುಡುಗರು ಮಂಗಳವಾರವೇ ಟೆಸ್ಟ್ ಕೊಟ್ಟು ಬಂದರು, ಅವರನ್ನು ಬಿಟ್ಟು ನಾವು ನಮ್ಮದಷ್ಟೇ ನೋಡಿಕೊಂಡೆವು ಅಂತ ಇವತ್ತಿಗೂ ಅನ್ನುತ್ತಾನೆ. ಅವನ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ.

ಅತ್ತಿ ಮಾತ್ರ ಯಾರನ್ನೂ ಕೇಳದೆ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಹಚ್ಚಿ ಆರ್‌ಟಿಒಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿದ್ದಾರೆ: ಆ ಸ್ಕೂಲಿನ ಹೆಸರಿನಲ್ಲಿ ಎಷ್ಟು ಹೆವಿ ಗಾಡಿ ತೋರಿಸಿದ್ದಾರೆ, ಕೊನೆಯ ಸಲ ತಪಾಸಣೆ ಯಾವಾಗ ಆಯಿತು. ನಮ್ಮ ರಾಜ್ಯದಲ್ಲಿ ಅರ್ಜಿ 150 ಪದ ಮೀರಬಾರದು. ಟೀಚರಿಗೆ ಅದು ಸಾಲಲಿಲ್ಲ, ಮೂರು ಸಲ ಹರಿದು ಬರೆದರಂತೆ.

ಮೊನ್ನೆ ಬೆಳಿಗ್ಗೆ 6:50ಕ್ಕೆ ತಮ್ಮ ಗುಂಪಿಗೆ ಫೋಟೋ ಹಾಕಿದ. ಮಾತಿಲ್ಲ, ಬರೀ ಫೋಟೋ. ಲಾರಿಯ ಡ್ಯಾಶ್‌ಬೋರ್ಡು, ಅದರ ಮೇಲೆ ಧೂಳು, ಗಾಳಿಯ ಮೀಟರಿನ ಮುಳ್ಳು ಮೇಲೇರಿ ನಿಂತಿದೆ.

ಲಾರಿ ಕಾಕಾ: ಡ್ರೇನ್ ಬಿಟ್ಟೆಯಾ?

ತಮ್ಮ: ಬಿಟ್ಟೆ ಕಾಕಾ. ಒಂದು ಲೋಟ ನೀರು ಬಂತು.