ಬೆಳ್ಳಕ್ಕಿ ಜುಟ್ಟು ಎಬ್ಬಿಸಿದಾಗ ಫೋಟೊ ಹೆಂಗ ಹಿಡಿಯೂದು?

ಪ್ರಶ್ನೆ, ಬಾಗಲಕೋಟೆಯಿಂದ: ಹೆರಕಲ್ ಹಿನ್ನೀರಿನ ಕಡೆ ಸಣ್ಣ ಬೆಳ್ಳಕ್ಕಿ (ಕರಿ ಕೊಕ್ಕು, ಹಳದಿ ಪಾದ) ತೆಗಿಯಾಕತ್ತೀನಿ. ಕ್ರಾಪ್ ಸೆನ್ಸರ್ (ಸಣ್ಣ ಸೆನ್ಸರ್) ಕ್ಯಾಮೆರಾ, 150-600 ಎಂ.ಎಂ. ಲೆನ್ಸ್. ತಲಿ ಬರೇ ಬಿಳಿ ಮುದ್ದಿ ಆಗಿ ಬರತದ, ಗರಿ ಬಿಡಿಬಿಡಿಯಾಗಿ ಕಾಣೂದಿಲ್ಲ. ಜುಟ್ಟು ಎದ್ದದ್ದು ನೋಡಿ ಬಟನ್ ಒತ್ತೂದ್ರಾಗ ಇಳಿದಿರತದ. ತಿಳಿದವರು ಹೇಳ್ರಿ.

ಬೀಳಗಿಯಿಂದ: ಜುಟ್ಟು ಎದ್ದ ಮ್ಯಾಲೆ ಒತ್ತಿದ್ರ ತಡಾ ಆತು, ಜಗಳ ಹುಟ್ಟೂ ಮೊದ್ಲ ಒತ್ತಬೇಕ್ರಿ. ಮೀನುಗಾರರು ಬಲಿ ಬಿಡಿಸಿ ಸಣ್ಣ ಮೀನ ಚೆಲ್ಲೂ ಜಾಗಾ ಹಿಡೀರಿ, ಅಲ್ಲಿ ಬೆಳ್ಳಕ್ಕಿ ಒತ್ತಟ್ಟಿಗೆ ನಿಲ್ತಾವ. ಇನ್ನೊಂದು ಹಕ್ಕಿ ಎರಡ್ಮೂರು ಮಾರು ಹತ್ರ ಇಳೀತಂದ್ರ, ಮೊದ್ಲಿದ್ದದ್ದು ಮೇಯೂದು ಬಿಟ್ಟು ಕುತ್ತಿಗಿ ಮುಂದ ಚಾಚತದ. ಅದ ಸೂಚನಾ, ಬರ್ಸ್ಟ್ (ಒಂದರ ಹಿಂದೊಂದು ಫೋಟೊ) ಶುರು ಮಾಡ್ರಿ. ನೆತ್ತಿ, ಬೆನ್ನು ಎರಡೂ ಗರಿ ಕೂಡೇ ಏಳತಾವ, ಒಂದೆರಡು ಸೆಕೆಂಡಿನಾಗ ಇಳೀತಾವ. ಬರೇ ನೆತ್ತಿ ಗರಿ ಹಾರಾಡಿದ್ರ ಅದು ಹಿಂದಿನಿಂದ ಬೀಸಿದ ಗಾಳಿ ಇರಬೇಕು, ಮೋಸ ಹೋಗಬ್ಯಾಡ್ರಿ. ಕ್ಯಾಮೆರಾದಾಗ ಪ್ರೀ-ಕ್ಯಾಪ್ಚರ್ (ಬಟನ್ ಪೂರ್ತಿ ಒತ್ತೂ ಮೊದಲಿನ ಕ್ಷಣಾನೂ ಉಳಿಸೂ ಸೌಲಭ್ಯ) ಇದ್ರ ಹಾಕ್ರಿ.

ಹಿಂದಲೆಯ ಎರಡು ಉದ್ದ ಎಳಿ ಬೇಕಂದ್ರ ಮುಂಗಾರು ಹಿಡೀಲಿ. ಉಳಿದ ಕಾಲದಾಗ ಜಗಳ ಇರತದ, ಆ ಎಳಿ ಇರೂದಿಲ್ಲ.

ವಿಜಯಪುರದಿಂದ: ಬಿಳಿ ಮುದ್ದೆಗೆ ಕಾರಣ ಎಕ್ಸ್‌ಪೋಷರ್. ಕಪ್ಪು ನೀರೇ ಫ್ರೇಮ್ ತುಂಬಿದರೆ ಮೀಟರ್ ಅದನ್ನು ಬೆಳಗಿಸಲು ಹೋಗಿ ಹಕ್ಕಿಯನ್ನು ಸುಡುತ್ತದೆ. ಎಕ್ಸ್‌ಪೋಷರ್ ಕಾಂಪೆನ್ಸೇಶನ್ (ಮೀಟರ್ ಲೆಕ್ಕದ ಬೆಳಕನ್ನು ತಗ್ಗಿಸುವುದು) ಮೈನಸ್ 1ರಿಂದ ಮೈನಸ್ 1.7 ಕೊಡಬಹುದು, ಆದರೆ ಹಕ್ಕಿ ನೀರಿನಿಂದ ಒಣ ದಂಡೆಗೆ ಬಂದ ಕೂಡಲೇ ಆ ಲೆಕ್ಕ ತಪ್ಪುತ್ತದೆ. ಅದಕ್ಕೆ ಮ್ಯಾನುಯಲ್ ವಾಸಿ. ಬೆಳಗಿನ ಬಿಸಿಲಿಗೆ ಎಫ್/8, 1/2000, ಐಎಸ್‌ಒ 400ರಿಂದ ಶುರು ಮಾಡಿ, ಹಕ್ಕಿಯ ಬೆನ್ನಿನ ಮೇಲೆ ಹೈಲೈಟ್ (ಬೆಳಕು ಹೆಚ್ಚಾಯಿತೆಂದು ಸ್ಕ್ರೀನ್ ತೋರುವ ಗುರುತು) ಮಿನುಗುವುದು ನಿಲ್ಲುವವರೆಗೆ ಬದಲಿಸಿ. ರಾ (ಕ್ಯಾಮೆರಾ ತಿದ್ದದ ಮೂಲ ಫೈಲು) ಕಡ್ಡಾಯ.

ಹಿನ್ನೆಲೆ ಇದಕ್ಕಿಂತ ಮುಖ್ಯ. ಆಕಾಶದ ಪ್ರತಿಬಿಂಬ ಬಿದ್ದ ನೀರಿನ ಮುಂದೆ ಬಿಳಿ ಎಳೆ ಕರಗಿಯೇ ಹೋಗುತ್ತದೆ. ಜಾಲಿಯ ನೆರಳೋ ಹಸಿ ಎರೆ ಮಣ್ಣೋ ಹಿಂದೆ ಬರುವಂತೆ ಕೂತರೆ ಒಂದೊಂದು ಗರಿಯೂ ಎಣಿಸಲು ಸಿಗುತ್ತದೆ. ಬೇಸಿಗೆಯಲ್ಲಿ ಒಂಬತ್ತರ ಮೇಲೆ ನೆಲದಿಂದ ಝಳ ಏಳುತ್ತದೆ. ಆಗ ಯಾವ ಲೆನ್ಸೂ ಚೂಪಾಗಿ ಕೊಡದು, ಮನೆಗೆ ಹೋಗಿ.

ಗೋಕಾಕದಿಂದ: ಎಫ್/8ರ ಮಾತಿಗೆ ಒಂದು ತಿದ್ದುಪಡಿ. ಲೆನ್ಸ್ 600 ಎಂ.ಎಂ.ನಲ್ಲಿದ್ದಾಗ 10 ಮೀಟರ್ ದೂರಕ್ಕೆ ಎಫ್/6.3 ಸುಮಾರು 7 ಸೆಂ.ಮೀ. ಆಳ (ಹಿಂದೆ-ಮುಂದೆ ಚೂಪಾಗಿ ಬರುವ ಅಂತರ) ಕೊಟ್ಟರೆ ಎಫ್/8 ಕೊಡುವುದು 9 ಅಷ್ಟೇ. ದೂರವನ್ನು 20 ಮೀಟರ್ ಮಾಡಿದರೆ ಅದೇ ಎಫ್/8ಕ್ಕೆ 35 ಸೆಂ.ಮೀ. ಹತ್ತಿರ ಸಿಗುತ್ತದೆ, ಕಣ್ಣೂ ಜುಟ್ಟಿನ ತುದಿಯೂ ಒಟ್ಟಿಗೆ ಚೂಪು. ಆದರೆ 20 ಮೀಟರಿನಲ್ಲೂ 600 ಹಿಡಿಯುವುದು 78 ಸೆಂ.ಮೀ. ಅಗಲ ಮಾತ್ರ. ಜಗಳದಲ್ಲಿ ರೆಕ್ಕೆ ಬಿಚ್ಚಿದರೆ ಹಕ್ಕಿ 90 ಸೆಂ.ಮೀ. ದಾಟುತ್ತದೆ, 400ಕ್ಕೆ ಇಳಿಸಿಕೊಳ್ಳಿ. ಹತ್ತಿರ ಹೋಗುವ ಚಟವೇ ಫೋಟೊ ಕೆಡಿಸೋದು.

ಗೂಡಿನ ಗಿಡದ ಬುಡಕ್ಕಂತೂ ಹೋಗಲೇಬೇಡಿ. ತಾಯಿ ಎದ್ದ ಗೂಡಿನ ಮೊಟ್ಟೆಗೆ ಕಾಗೆ ಕಾದೇ ಇರುತ್ತದೆ. ಗೂಡು ಕೆದಕುವುದು 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧವೂ ಹೌದು. ಧೂಪದಾಳ ಕಡೆ ಘಟಪ್ರಭಾ ಪಕ್ಷಿಧಾಮಕ್ಕೆ ಬರುವುದಾದರೆ ಅರಣ್ಯ ಇಲಾಖೆಯ ಅನುಮತಿ ಮೊದಲೇ ಕೇಳಿ.

ಬೀಳಗಿಯಿಂದ, ಮತ್ತೊಮ್ಮೆ: ಕೆಸರಿನ ಮಾತು ಬಿಟ್ಟಿದ್ದೆ. ನೀರು ಹಿಂದ ಸರಿದ ದಂಡಿ ಮ್ಯಾಲೆ ಬಿರುಕು ಬಿಟ್ಟು ಒಣಗಿದಂಗ ಕಾಣತದ, ಕೆಳಗ ಮೊಣಕಾಲಮಟ ಎರಿ ಕೆಸರ ಇರತದ. ಕೋಲು ಚುಚ್ಚಿ ನೋಡೇ ಕಾಲಿಡ್ರಿ. ಟ್ರೈಪಾಡ್ ಕಾಲು ಹೂತು ಸೊಟ್ಟ ಆಗತಾವ. ಹಳೇ ತಗಡಿನ ಪರಾತಕ್ಕ ನಡುವ ತೂತು ಹೊಡದು ಟ್ರೈಪಾಡಿನ ಹೆಡ್ಡು ಬೋಲ್ಟ್ ಹಾಕಿ ಬಿಗೀರಿ. ಹೊಟ್ಟಿ ಮ್ಯಾಲೆ ಮಲಗಿ ನೂಕ್ಕೋತ ಹೋಗಾಕ ಬರತದ, ಲೆನ್ಸೂ ಹಕ್ಕಿ ಕಣ್ಣಿನ ಮಟ್ಟಕ್ಕ ಬರತದ. ಬೋಲ್ಟ್ ಅಳತಿ ಹೆಡ್ಡಿನ ತಳಾ ನೋಡಿ ತಗೋರಿ, 3/8 ಇಂಚಿನದು ಇರತದ ಬಹಳಕ್ಕ.