ಸಹಾಯ ಬೇಕು: ಜೆಡಿಕೆ 17ರಲ್ಲಿ ಬಿಲ್ಡ್ ಆದ ಜಾರ್ ಜಾವಾ 8ರಲ್ಲಿ ಓಡುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಮ್ಮದೊಂದು ಹಳೆಯ ಜಾವಾ ತಂತ್ರಾಂಶ ಇಂದಿಗೂ ಆ್ಯಂಟ್ ಎಂಬ ಬಿಲ್ಡ್ ಸಾಧನದ ಮೂಲಕವೇ ಬಿಲ್ಡ್ ಆಗುತ್ತದೆ. ಬಿಲ್ಡ್ ಸರ್ವರ್‌ನಲ್ಲಿರುವುದು ಜೆಡಿಕೆ (ಜಾವಾ ಅಭಿವೃದ್ಧಿ ಕಿಟ್) 17, ಬಳಕೆದಾರರ ಯಂತ್ರಗಳಲ್ಲಿರುವುದು ಜಾವಾ 8. ಹಾಗಾಗಿ ಜಾವಾಸಿ (ಜಾವಾ ಕಂಪೈಲರ್) ಟಾಸ್ಕ್‌ನಲ್ಲಿ ಸೋರ್ಸ್ (ಕೋಡ್ ಬರೆದ ಭಾಷೆಯ ಆವೃತ್ತಿ), ಟಾರ್ಗೆಟ್ (ಓಡಬೇಕಾದ ಆವೃತ್ತಿ) ಎರಡನ್ನೂ 8 ಎಂದೇ ಕೊಟ್ಟಿದ್ದೇವೆ. ಬೂಟ್‌ಸ್ಟ್ರಾಪ್ ಕ್ಲಾಸ್‌ಪಾತ್ (ಜಾವಾದ ಮೂಲ ಲೈಬ್ರರಿ ಎಲ್ಲಿದೆ ಎಂಬ ದಾರಿ) ಕೊಟ್ಟಿಲ್ಲವೆಂಬ ಎಚ್ಚರಿಕೆಯೊಂದನ್ನು ಬಿಟ್ಟರೆ ಬಿಲ್ಡ್ ಸಲೀಸಾಗಿ ಮುಗಿಯುತ್ತದೆ, ಆದರೆ ಸಿಕ್ಕ ಜಾರ್ (ಕ್ಲಾಸ್‌ಗಳ ಕಟ್ಟು) ಅನ್ನು ಜಾವಾ 8ರಲ್ಲಿ ಓಡಿಸಿದಾಗ ಬೈಟ್‌ಬಫರ್ ಕ್ಲಾಸಿನ ಫ್ಲಿಪ್ ಮೆಥಡ್ ಕರೆಯುವಲ್ಲಿ ನೋಸಚ್‌ಮೆಥಡ್‌ಎರರ್ (ಅಂಥ ಮೆಥಡ್ ಇಲ್ಲವೆಂಬ ದೋಷ) ಬಂದು ನಿಲ್ಲುತ್ತದೆ. ಜಾವಾ 9ರಿಂದ ಈ ಮೆಥಡ್ ಬಫರ್ ಬದಲು ಬೈಟ್‌ಬಫರ್ ಅನ್ನೇ ಹಿಂತಿರುಗಿಸುವುದು ಇದಕ್ಕೆ ಕಾರಣವೆಂಬುದು ತಿಳಿದಿದೆ.

ಆ್ಯಂಟ್ 1.9.8ರಿಂದ ಲಭ್ಯವಿರುವ ರಿಲೀಸ್ ಗುಣಲಕ್ಷಣಕ್ಕೆ (ಆ ಆವೃತ್ತಿಯ ಅಧಿಕೃತ ಎಪಿಐ ಮಾತ್ರ ಬಳಸಿ ಕಂಪೈಲ್ ಮಾಡಿಸುವ ಆಯ್ಕೆ) 8 ಕೊಟ್ಟು ನೋಡಿದೆ. ಫ್ಲಿಪ್ ತೊಂದರೆ ತೀರಿತು. ಆದರೆ ಸರ್ಟಿಫಿಕೇಟ್ ತಯಾರಿಸುವ ಒಂದೇ ಒಂದು ಕ್ಲಾಸ್ ಜಾವಾದ ಒಳಬಳಕೆಯ ಸನ್.ಸೆಕ್ಯುರಿಟಿ.ಎಕ್ಸ್509 ಪ್ಯಾಕೇಜನ್ನು ಬಳಸುತ್ತಿರುವುದರಿಂದ, ಆ ಪ್ಯಾಕೇಜೇ ಇಲ್ಲವೆಂದು ಕಂಪೈಲರ್ ಹಟ ಹಿಡಿಯುತ್ತದೆ. ಇಂಥ ಒಳಪ್ಯಾಕೇಜುಗಳನ್ನು ತೆರೆದುಕೊಡುವ ಆ್ಯಡ್-ಎಕ್ಸ್‌ಪೋರ್ಟ್ಸ್ ಆಯ್ಕೆಯನ್ನು ರಿಲೀಸ್ ಜೊತೆಗೆ ಅದು ಒಪ್ಪುವುದಿಲ್ಲ. ಆ ಕ್ಲಾಸನ್ನು ಹೊಸದಾಗಿ ಬರೆಯುವುದೇ ಸರಿಯಾದ ದಾರಿ ಎಂದು ನನಗೂ ಅನಿಸುತ್ತದೆ, ಆದರೆ ಈ ಬಿಡುಗಡೆಗೆ ಮುನ್ನ ಅದನ್ನು ಮುಟ್ಟಲು ಅನುಮತಿಯಿಲ್ಲ.

ಹೀಗಿರುವಾಗ ಸೋರ್ಸ್, ಟಾರ್ಗೆಟ್ ಉಳಿಸಿಕೊಂಡು ಜೆಡಿಕೆ 8ರ ಮೂಲ ಲೈಬ್ರರಿಯಾದ ಆರ್‌ಟಿ.ಜಾರ್ ಅನ್ನು ಬೂಟ್‌ಕ್ಲಾಸ್‌ಪಾತ್‌ಗೆ ಕೊಡುವುದು ಒಳ್ಳೆಯದೇ, ಅಥವಾ ಫೋರ್ಕ್ ಮಾಡಿ (ಕಂಪೈಲರನ್ನು ಬೇರೆ ಪ್ರಕ್ರಿಯೆಯಾಗಿ ಓಡಿಸಿ) ಎಕ್ಸಿಕ್ಯೂಟಬಲ್ ಗುಣಲಕ್ಷಣದ ಮೂಲಕ ಜೆಡಿಕೆ 8ರ ಜಾವಾಸಿಯನ್ನೇ ಕರೆಯುವುದು ಒಳ್ಳೆಯದೇ? ಬಳಸಿ ನೋಡಿದವರು ದಯವಿಟ್ಟು ಕಾರಣಸಹಿತ ತಿಳಿಸಿ.